ಸಮ್ಮೇಳನದ ವೇದಿಕೆಯಲ್ಲಿ ಹದಿನೈದು ನಿಮಿಷ: ಉದ್ಯಮಿಯು ಹೇಳಬೇಕಾದದ್ದು, ಹೇಳಬಾರದ್ದು

1928ರ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ಒಂದು ಉಪನ್ಯಾಸ ನಡೆಯಿತು. ಉಪನ್ಯಾಸಕರು ಕಲ್ಕತ್ತೆಯಿಂದ ಬಂದಿದ್ದ ಪ್ರೊ. ಸಿ.ವಿ. ರಾಮನ್, ವಿಷಯ ‘ಒಂದು ಹೊಸ ವಿಕಿರಣ’. ಮುಂದೆ ‘ರಾಮನ್ ಪರಿಣಾಮ’ ಎಂದು ಜಗದ್ವಿಖ್ಯಾತವಾದ ವಿದ್ಯಮಾನವನ್ನು ಅವರು ಸ್ಪಷ್ಟವಾಗಿ ಕಂಡುಕೊಂಡದ್ದು ಫೆಬ್ರವರಿ 28ರಂದು. ಅಂದರೆ ಪ್ರಯೋಗಶಾಲೆಯಿಂದ ವೇದಿಕೆಗೆ ಬರಲು ಅವರು ತೆಗೆದುಕೊಂಡ ಅವಧಿ ಮೂರು ವಾರಕ್ಕಿಂತಲೂ ಕಡಿಮೆ. ಆ ಉಪನ್ಯಾಸವು ಅದೇ ತಿಂಗಳ 31ರ ದಿನಾಂಕದೊಡನೆ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಮುದ್ರಿತವಾಯಿತು, ಅದರ ಪ್ರತಿಗಳು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಯ ಮೂಲಕ ರವಾನೆಯಾದವು. ಭಾಷಣದ ಕೊನೆಯಲ್ಲಿ ರಾಮನ್ನರು ತಮ್ಮೊಡನೆ ದುಡಿದ ಕೆ.ಎಸ್. ಕೃಷ್ಣನ್ ಹಾಗೂ ಎಸ್. ವೆಂಕಟೇಶ್ವರನ್ ಅವರ ಹೆಸರುಗಳನ್ನು ಸ್ಮರಿಸಲು ಮರೆಯಲಿಲ್ಲ.

ಅದೇ ತಿಂಗಳುಗಳಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳು ಇದೇ ವಿದ್ಯಮಾನವನ್ನು ಸ್ಫಟಿಕಗಳಲ್ಲಿ ಸ್ವತಂತ್ರವಾಗಿ ಕಂಡಿದ್ದರು. ಅವರ ಬರಹ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾದದ್ದು ಜುಲೈ ತಿಂಗಳಿನಲ್ಲಿ. 1930ರ ನೊಬೆಲ್ ಪಾರಿತೋಷಕ ರಾಮನ್ ಒಬ್ಬರಿಗೇ ಸಂದಿತು. ಅದಕ್ಕೆ ಇದೊಂದೇ ಕಾರಣವೆನ್ನಲಾಗದಿದ್ದರೂ, ತಾನು ಕಂಡದ್ದನ್ನು ತಡಮಾಡದೆ, ದಿನಾಂಕ ಸಹಿತವಾಗಿ, ಬಲ್ಲವರ ಮುಂದೆ ಇಡುವುದರ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ.

ವಿಜ್ಞಾನಿಗೆ ಇದು ಸರಿ. ಆದರೆ ಉದ್ಯಮಿಗೆ?

ಈಗ ಸಣ್ಣ ಕೈಗಾರಿಕಾ ಘಟಕಗಳ ಮಾಲೀಕರೂ ಅವರ ತಾಂತ್ರಿಕ ಸಿಬ್ಬಂದಿಯೂ ವೈಜ್ಞಾನಿಕ ಹಾಗೂ ತಾಂತ್ರಿಕ ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸುವುದು ಅಪರೂಪದ ಸಂಗತಿಯಲ್ಲ. ಎರಕದ ಉದ್ಯಮದವರಿಗೆ ಇಂಡಿಯನ್ ಫೌಂಡ್ರಿ ಕಾಂಗ್ರೆಸ್ ಇದೆ. ಯಂತ್ರೋಪಕರಣ ಕ್ಷೇತ್ರದವರಿಗೆ, ಆಹಾರ ಸಂಸ್ಕರಣೆಯವರಿಗೆ, ಔಷಧ ತಯಾರಕರಿಗೆ ಅವರವರದೇ ಸಭೆಗಳಿವೆ. ಎಂಜಿನಿಯರಿಂಗ್ ಕಾಲೇಜುಗಳು ನಡೆಸುವ ವಿಚಾರಸಂಕಿರಣಗಳಿಗೂ ಸ್ಥಳೀಯ ಉದ್ಯಮಿಗಳಿಗೆ ಆಹ್ವಾನ ಬರುತ್ತದೆ. ಇಂತಹ ಅವಕಾಶದಿಂದ ದೊರೆಯುವ ಲಾಭ ಸಾಮಾನ್ಯವಾದುದಲ್ಲ. ಹೊಸ ಗ್ರಾಹಕರ ಎಂಜಿನಿಯರುಗಳು ಸಭೆಯಲ್ಲಿರುತ್ತಾರೆ. ಸಂಶೋಧನಾ ಸಂಸ್ಥೆಗಳ ಪರಿಚಯವಾಗುತ್ತದೆ. ಜಾಹೀರಾತಿನಿಂದ ಗಳಿಸಲಾಗದ ವಿಶ್ವಾಸ ಹದಿನೈದು ನಿಮಿಷಗಳ ಒಳ್ಳೆಯ ಮಾತಿನಿಂದ ಬರುವುದುಂಟು. ಆದರೆ ಅದೇ ಹದಿನೈದು ನಿಮಿಷಗಳಲ್ಲಿ ವರ್ಷಗಟ್ಟಲೆ ಶ್ರಮಪಟ್ಟು ಗಳಿಸಿದ್ದನ್ನು ಬಿಟ್ಟುಕೊಟ್ಟು ಬರುವ ಅಪಾಯವೂ ಇದೆ. ಆದ್ದರಿಂದ ಭಾಷಣದ ಸಿದ್ಧತೆಯು ಮೊದಲ ಸ್ಲೈಡಿನಿಂದ ಆರಂಭವಾಗುವುದಲ್ಲ; ಅದಕ್ಕೂ ಮೊದಲೇ ಆರಂಭವಾಗಬೇಕು.

ಬಾಯಿ ಬಿಡುವ ಮುನ್ನ

1901ರ ಮೇ ತಿಂಗಳಿನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಗದೀಶಚಂದ್ರ ಬೋಸರ ಉಪನ್ಯಾಸ ನಿಗದಿಯಾಗಿತ್ತು. ಅದಕ್ಕೆ ಸ್ವಲ್ಪ ಮುನ್ನ ಹೆಸರಾಂತ ತಂತಿ ಸಂಸ್ಥೆಯೊಂದರ ಕೋಟ್ಯಧೀಶ ಮಾಲೀಕನೊಬ್ಬ ಪೇಟೆಂಟ್ ಅರ್ಜಿಯನ್ನು ಕೈಯಲ್ಲಿ ಹಿಡಿದು ಅವರ ಬಳಿ ಬಂದ. ಬೆಲೆಬಾಳುವ ಅಂಶಗಳನ್ನು ಅಂದಿನ ಉಪನ್ಯಾಸದಲ್ಲಿ ಹೊರಗೆಡಹಬೇಡಿ, ಪೇಟೆಂಟ್ ಪಡೆಯೋಣ, ಲಾಭವನ್ನು ಹಂಚಿಕೊಳ್ಳೋಣ ಎಂಬುದು ಅವನ ಪ್ರಾರ್ಥನೆ. ಬೋಸರು ಒಪ್ಪಲಿಲ್ಲ. ಈ ಪ್ರಸಂಗವನ್ನು ಅವರೇ ರವೀಂದ್ರನಾಥ ಠಾಕೂರರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಹಿತೈಷಿಗಳ ಒತ್ತಾಯದಿಂದ ರೇಡಿಯೋ ಅಲೆಗಳ ಶೋಧಕವೊಂದಕ್ಕೆ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಸಲ್ಲಿಕೆಯಾಗಿ, 1904ರಲ್ಲಿ ಪೇಟೆಂಟ್ ದೊರೆಯಿತಾದರೂ ಅದರಿಂದ ಹಣ ಮಾಡುವ ಆಸಕ್ತಿ ಬೋಸರಿಗೆ ಇರಲಿಲ್ಲ. ಅದು ಋಷಿಸದೃಶ ವಿಜ್ಞಾನಿಯ ನಿಲುವು, ಪೂಜ್ಯವಾದುದು. ಬ್ಯಾಂಕಿನ ಸಾಲದ ಕಂತು ಕಟ್ಟಬೇಕಾದ ಉದ್ಯಮಿಯು ಆ ಮಾಲೀಕನ ಮಾತಿಗೂ ಸ್ವಲ್ಪ ಕಿವಿಗೊಡುವುದು ಒಳಿತು.

ಇನ್ನೊಂದು ಉದಾಹರಣೆ ಸಮೀಪದ ಕಾಲದ್ದು. ಅಮೆರಿಕದ ಸ್ಟ್ಯಾನ್‌ಫೋರ್ಡಿನ ಸ್ಟ್ಯಾನ್ಲಿ ಕೋಹೆನ್ ಹಾಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹರ್ಬರ್ಟ್ ಬೋಯರ್ ಅವರು ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ವಿಧಾನವನ್ನು ರೂಪಿಸಿದರು. 1973ರ ಜೂನ್‌ನಲ್ಲಿ ಗಾರ್ಡನ್ ಸಮ್ಮೇಳನದಲ್ಲಿ ಬೋಯರ್ ಇದರ ಪ್ರಸ್ತಾಪ ಮಾಡಿದರು. ನವೆಂಬರ್‌ನಲ್ಲಿ ಪ್ರಬಂಧ ಅಚ್ಚಾಯಿತು. ಪೇಟೆಂಟಿನ ಯೋಚನೆ ಬಂದದ್ದು ಮರುವರ್ಷ, ವೃತ್ತಪತ್ರಿಕೆಯ ವರದಿಯೊಂದನ್ನು ಕಂಡ ವಿಶ್ವವಿದ್ಯಾನಿಲಯದ ಅಧಿಕಾರಿಯೊಬ್ಬರಿಗೆ. ಅಮೆರಿಕದ ಕಾನೂನು ಪ್ರಕಟಣೆಯ ನಂತರ ಒಂದು ವರ್ಷದ ಅವಕಾಶ ನೀಡುತ್ತಿದ್ದುದರಿಂದ, ಗಡುವು ಮುಗಿಯಲು ಕೆಲವೇ ದಿನಗಳಿರುವಾಗ 1974ರ ನವೆಂಬರ್ 4ರಂದು ಅರ್ಜಿ ಸಲ್ಲಿಸಲಾಯಿತು. 1997ರ ವೇಳೆಗೆ ಆ ಹಕ್ಕಿನಿಂದ ಬಂದ ಆದಾಯ ಸುಮಾರು 25 ಕೋಟಿ ಡಾಲರುಗಳಿಗೂ ಅಧಿಕ. ಆದರೆ ಅದೆಲ್ಲವೂ ಅಮೆರಿಕದ ಪೇಟೆಂಟಿನ ಬಲದಿಂದ ಬಂದದ್ದು. ವಿಷಯ ಮೊದಲೇ ಬಹಿರಂಗವಾಗಿದ್ದ ಕಾರಣ ಇತರ ದೇಶಗಳಲ್ಲಿ ಹಕ್ಕು ಪಡೆಯುವ ದಾರಿ ಮುಚ್ಚಿಹೋಗಿತ್ತು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1970ರ ಪೇಟೆಂಟ್ ಅಧಿನಿಯಮದ ಮೂಲತತ್ತ್ವ ಸರಳವಾದುದು: ಅರ್ಜಿ ಸಲ್ಲಿಸುವ ದಿನಕ್ಕೆ ಆವಿಷ್ಕಾರವು ಹೊಸದಾಗಿರಬೇಕು, ಈಗಾಗಲೇ ಲೋಕಕ್ಕೆ ತಿಳಿದಿರಬಾರದು. ತಾನೇ ತಿಳಿಸಿದ್ದರೂ ತಿಳಿಸಿದಂತೆಯೇ. ಇದಕ್ಕೆ 31ನೆಯ ಪ್ರಕರಣವು ಒಂದು ಸೀಮಿತ ವಿನಾಯಿತಿಯನ್ನು ಕೊಟ್ಟಿದೆ. ನಿಜವಾದ ಆವಿಷ್ಕಾರಕನು ವಿದ್ವತ್ ಸಂಸ್ಥೆಯೊಂದರ ಮುಂದೆ ಪ್ರಬಂಧ ಓದಿದ್ದರೆ, ಅಥವಾ ಅವನ ಸಮ್ಮತಿಯಿಂದ ಅದು ಆ ಸಂಸ್ಥೆಯ ನಡಾವಳಿಯಲ್ಲಿ ಪ್ರಕಟವಾಗಿದ್ದರೆ, ಹನ್ನೆರಡು ತಿಂಗಳೊಳಗೆ ಅರ್ಜಿ ಸಲ್ಲಿಸಿದಲ್ಲಿ ಆ ಪ್ರಕಟಣೆ ಅಡ್ಡಿಯಾಗದು. ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನಗಳಿಗೂ ಇದೇ ಬಗೆಯ ರಕ್ಷಣೆ ಉಂಟು. ಈ ಅವಕಾಶವನ್ನು ಕೋರಲು 2024ರ ತಿದ್ದುಪಡಿ ನಿಯಮಗಳಲ್ಲಿ ಪ್ರತ್ಯೇಕ ನಮೂನೆಯನ್ನೇ ಸೇರಿಸಲಾಗಿದೆ.

ಈ ವಿನಾಯಿತಿಯನ್ನು ನೆಚ್ಚಿಕೊಂಡು ವೇದಿಕೆ ಹತ್ತುವುದು ಜಾಣತನವಲ್ಲ. ವ್ಯಾಪಾರ ಮೇಳದ ಬದಿಯಲ್ಲಿ ನಡೆಯುವ ಗೋಷ್ಠಿ ‘ವಿದ್ವತ್ ಸಂಸ್ಥೆ’ಯ ಸಭೆಯೇ ಎಂಬ ವಾದಕ್ಕೆ ಎಡೆ ಇದ್ದೇ ಇರುತ್ತದೆ. ಅಧಿಸೂಚನೆಯಿಲ್ಲದ ಪ್ರದರ್ಶನದಲ್ಲಿ ಯಂತ್ರವನ್ನು ತೋರಿಸಿದವರಿಗೆ ರಕ್ಷಣೆ ಇಲ್ಲ. ಮೇಲಾಗಿ, ಯುರೋಪಿನ ಪೇಟೆಂಟ್ ವ್ಯವಸ್ಥೆ ಇಂತಹ ಔದಾರ್ಯ ತೋರುವುದಿಲ್ಲ; ಸಮ್ಮೇಳನದಲ್ಲಿ ಸ್ವತಃ ಆಡಿದ ಮಾತು ಅಲ್ಲಿ ಹಕ್ಕಿಗೆ ಕುತ್ತು ತರುತ್ತದೆ. ರಫ್ತಿನ ಆಸೆಯುಳ್ಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಸುಲಭ ಮಾರ್ಗವೆಂದರೆ ಸಾರಲೇಖ ಕಳುಹಿಸುವುದಕ್ಕೆ ಮೊದಲು ತಾತ್ಕಾಲಿಕ ವಿವರಣೆಯೊಡನೆ ಪೇಟೆಂಟ್ ಅರ್ಜಿ ಸಲ್ಲಿಸುವುದು. ಕರ್ನಾಟಕದವರಿಗೆ ಚೆನ್ನೈ ಕಚೇರಿಯ ವ್ಯಾಪ್ತಿ. ಅರ್ಜಿಯನ್ನು ಅಂತರಜಾಲದ ಮೂಲಕವೇ ಸಲ್ಲಿಸಬಹುದು. 2020ರ ತಿದ್ದುಪಡಿಯ ನಂತರ ಸಣ್ಣ ಘಟಕಗಳಿಗೆ ವ್ಯಕ್ತಿಗಳಷ್ಟೇ ಶುಲ್ಕ: ಮೂವತ್ತು ಪುಟ ಮೀರದ ಅರ್ಜಿಗೆ 1,600 ರೂಪಾಯಿ. ಬಳಿಕ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು. ವಿದೇಶಗಳಲ್ಲಿ ಅರ್ಜಿ ಹಾಕುವುದಿದ್ದರೂ ಅದೇ ಗಡುವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆತುರದಲ್ಲಿ ಅರ್ಧ ಪುಟ ಗೀಚಿ ಸಲ್ಲಿಸಿದರೆ, ಅದರಲ್ಲಿ ಇಲ್ಲದ ಅಂಶಕ್ಕೆ ಆ ದಿನಾಂಕದ ಆಸರೆ ದೊರೆಯದು. ವೇದಿಕೆಯಲ್ಲಿ ತೋರಿಸಲಿರುವುದೆಲ್ಲವೂ ಅರ್ಜಿಯಲ್ಲಿ ಇರಲೇಬೇಕು. ಭಾಷಣದ ದಿನಕ್ಕಿಂತ ಸಾರಲೇಖ ಸಂಪುಟ ಮೊದಲೇ ಹೊರಬರುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಹಿರಂಗವಾಗುವುದು ಆ ದಿನವೇ ಹೊರತು ಮೈಕಿನ ಮುಂದೆ ನಿಂತ ದಿನವಲ್ಲ.

ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ಘಟಕಗಳಿಗೆ ಮತ್ತೊಂದು ತೊಡಕಿದೆ. ಭಾಗದ ನಕ್ಷೆ ಗ್ರಾಹಕನದು. ಗೋಪ್ಯತೆಯ ಕರಾರಿಗೆ ಸಹಿ ಬಿದ್ದಿರುತ್ತದೆ. ತಿರಸ್ಕೃತ ಮಾಲಿನ ಪ್ರಮಾಣವೂ ಗ್ರಾಹಕನ ದೃಷ್ಟಿಯಲ್ಲಿ ಗುಟ್ಟಿನ ಮಾಹಿತಿಯಾಗಿರಬಹುದು. ಸ್ಲೈಡಿನಲ್ಲಿರುವ ಛಾಯಾಚಿತ್ರದ ಹಿನ್ನೆಲೆಯಲ್ಲಿ ಭಾಗದ ಸಂಖ್ಯೆ ಕಾಣಿಸಿಕೊಂಡು, ಖರೀದಿ ವಿಭಾಗದಿಂದ ದೂರವಾಣಿ ಕರೆ ಬರುವ ಪ್ರಸಂಗ ಯಾರಿಗೂ ಬೇಡ. ಲಿಖಿತ ಒಪ್ಪಿಗೆ ಮೊದಲೇ ಪಡೆಯುವುದು ಕ್ಷೇಮ. ಗ್ರಾಹಕನ ಎಂಜಿನಿಯರನ್ನೇ ಸಹಲೇಖಕನನ್ನಾಗಿ ಮಾಡಿಕೊಂಡರೆ ಒಪ್ಪಿಗೆಯೂ ಸುಲಭ, ಬಾಂಧವ್ಯವೂ ಗಟ್ಟಿ.

ಒಂದೇ ಮಾತು, ಪೂರ್ಣ ಲೆಕ್ಕ

ಹೇಳಬಹುದಾದದ್ದು ಯಾವುದೆಂದು ತೀರ್ಮಾನವಾದ ಮೇಲೆ ಸಾರಲೇಖ ಬರೆಯಬೇಕು. ಇನ್ನೂರು ಮುನ್ನೂರು ಪದಗಳಲ್ಲಿ ಸಮಸ್ಯೆ ಏನು, ಏನು ಮಾಡಲಾಯಿತು, ಎಷ್ಟು ಫಲ ದೊರೆಯಿತು ಎಂಬುದು ಬಂದರೆ ಸಾಕು. ‘ನಮ್ಮ ಸಂಸ್ಥೆಯು ಗುಣಮಟ್ಟಕ್ಕೆ ಹೆಸರಾಗಿದ್ದು’ ಎಂದು ಆರಂಭವಾಗುವ ಸಾರಲೇಖಗಳು ಪರಿಶೀಲನಾ ಸಮಿತಿಯ ಮೇಜಿನಿಂದ ಮುಂದೆ ಹೋಗುವುದಿಲ್ಲ, ಹೋಗಲೂಬಾರದು. ವೈಜ್ಞಾನಿಕ ಸಭೆಯು ಮಾರಾಟದ ಜಾಗವಲ್ಲ. ಅಲ್ಲಿ ಮಾರಾಟ ಮಾಡದಿರುವುದೇ ದೀರ್ಘಕಾಲದಲ್ಲಿ ಮಾರಾಟಕ್ಕೆ ಅನುಕೂಲ.

ಒಂದು ಕಾಲ್ಪನಿಕ ನಿದರ್ಶನ ತೆಗೆದುಕೊಳ್ಳಬಹುದು. ಬೆಳಗಾವಿಯ ಉದ್ಯಮಬಾಗಿನ ಎರಕದ ಘಟಕವೊಂದು ಮೋಲ್ಡಿಂಗ್ ಮರಳಿನ ತೇವಾಂಶವನ್ನು ಪಾಳಿಗೆ ಒಮ್ಮೆ ಅಳೆಯುವ ಬದಲು ಗಂಟೆಗೊಮ್ಮೆ ಅಳೆದು ಹತೋಟಿಯಲ್ಲಿಟ್ಟಿತು; ಬ್ಲೋಹೋಲ್ ದೋಷದಿಂದ ತಿರಸ್ಕೃತವಾಗುತ್ತಿದ್ದ ಎರಕಗಳು ನೂರಕ್ಕೆ ಒಂಬತ್ತರಿಂದ ನಾಲ್ಕಕ್ಕೆ ಇಳಿದವು ಎನ್ನೋಣ. ಒಳ್ಳೆಯ ಸುದ್ದಿ. ಆದರೆ ಸಭೆಯಲ್ಲಿ ಕುಳಿತ ಬಲ್ಲವರು ಕೇಳುವ ಮೊದಲ ಪ್ರಶ್ನೆ ಹೀಗಿರುತ್ತದೆ: ಹಿಂದಿನ ಲೆಕ್ಕ ಮಳೆಗಾಲದ್ದೋ, ನಂತರದ ಲೆಕ್ಕ ಬೇಸಿಗೆಯದೋ? ಬೆಳಗಾವಿಯ ಜುಲೈ ತಿಂಗಳ ಗಾಳಿಗೂ ಏಪ್ರಿಲ್ ತಿಂಗಳ ಗಾಳಿಗೂ ಇರುವ ಅಂತರ ಎಲ್ಲರಿಗೂ ಗೊತ್ತು. ಎಷ್ಟು ಎರಕಗಳನ್ನು ಎಣಿಸಲಾಯಿತು? ಅದೇ ಮಾದರಿ, ಅದೇ ಲೋಹ, ಅದೇ ಕೆಲಸಗಾರರೇ? ಇವುಗಳಿಗೆ ಉತ್ತರವಿಲ್ಲದಿದ್ದರೆ ಒಂಬತ್ತು ಮತ್ತು ನಾಲ್ಕು ಎಂಬ ಅಂಕಿಗಳು ಗಾಳಿಗೋಪುರ. ಉತ್ತರವಿದ್ದು, ಅದನ್ನು ಕೇಳುವ ಮೊದಲೇ ತಾನಾಗಿ ಸ್ಲೈಡಿನಲ್ಲಿ ತೋರಿಸಿದ ಉದ್ಯಮಿಯ ಮಾತಿಗೆ ಪ್ರಾಧ್ಯಾಪಕರೂ ತಲೆದೂಗುತ್ತಾರೆ. ಫಲಿಸದೆ ಹೋದ ಪ್ರಯೋಗವೊಂದನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ಉಳಿದ ಅಂಕಿಗಳ ಮೇಲಿನ ನಂಬಿಕೆ ಹೆಚ್ಚುತ್ತದೆ. ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನಷ್ಟದ ಕಲಮೇ ಇಲ್ಲದ ಲೆಕ್ಕಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ನಂಬುವುದಿಲ್ಲ.

ಹದಿನೈದು ನಿಮಿಷದ ಅವಧಿಯಲ್ಲಿ ಸಾಮಾನ್ಯವಾಗಿ ಹನ್ನೆರಡು ನಿಮಿಷ ಭಾಷಣಕ್ಕೆ, ಮೂರು ನಿಮಿಷ ಪ್ರಶ್ನೆಗಳಿಗೆ. ಹನ್ನೆರಡು ನಿಮಿಷದಲ್ಲಿ ಒಂದು ಮುಖ್ಯ ವಿಚಾರವನ್ನು ಮಾತ್ರ ನೆಲೆಗೊಳಿಸಬಹುದು. ಎರಡನೆಯದನ್ನು ತುರುಕಿದರೆ ಎರಡೂ ಹಾಳು. ಸ್ಲೈಡುಗಳು ಹತ್ತು ಹನ್ನೆರಡಕ್ಕೆ ಮೀರದಿರಲಿ. ಕಂಪನಿಯ ಇತಿಹಾಸ, ಸ್ಥಾಪಕರ ಭಾವಚಿತ್ರ, ಪ್ರಮಾಣಪತ್ರಗಳ ಸಾಲು ಇವುಗಳಿಗೆ ಅಲ್ಲಿ ಸ್ಥಳವಿಲ್ಲ. ಎಂಟು ಕಲಮುಗಳ ಕೋಷ್ಟಕವನ್ನು ಪರದೆಯ ಮೇಲೆ ಹಾಕಿ ‘ಇದು ನಿಮಗೆ ಕಾಣಿಸದಿರಬಹುದು’ ಎಂದು ಕ್ಷಮೆ ಕೇಳುವ ಪದ್ಧತಿ ನಮ್ಮ ಸಭೆಗಳಲ್ಲಿ ಬೇರೂರಿದೆ. ಕಾಣಿಸದ್ದನ್ನು ಹಾಕುವುದೇಕೆ? ಅದೇ ಮಾಹಿತಿಯನ್ನು ಎರಡು ಗೆರೆಗಳ ನಕ್ಷೆಯಾಗಿ ಬರೆದು, ಅಕ್ಷದ ಮೇಲೆ ಏನನ್ನು ಯಾವ ಮಾನದಲ್ಲಿ ಅಳೆಯಲಾಗಿದೆ ಎಂದು ದಪ್ಪಕ್ಷರದಲ್ಲಿ ನಮೂದಿಸಿದರೆ ಹಿಂದಿನ ಸಾಲಿನವರಿಗೂ ತಿಳಿಯುತ್ತದೆ.

ಕನ್ನಡದಲ್ಲಿ ಸ್ಲೈಡ್ ಸಿದ್ಧಪಡಿಸುವವರಿಗೆ ಒಂದು ಸಣ್ಣ ಸೂಚನೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಸ್ಲೈಡುಗಳು ಸಭಾಂಗಣದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಮೂಡಿಬರುವುದುಂಟು. ಯೂನಿಕೋಡ್ ಬಳಸಿ, ಒಂದು ಪ್ರತಿಯನ್ನು ಪಿಡಿಎಫ್ ರೂಪದಲ್ಲಿ ಪೆನ್ ಡ್ರೈವಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ಕಮ್ಮಾರನ ಮಗನ ಸಾಧನೆ

ಭಾಷಣ ಕಲೆಯು ಹುಟ್ಟಿನಿಂದ ಬರುವುದೆಂದು ಭಾವಿಸಿ ಹಿಂಜರಿಯುವವರು ಮೈಕೆಲ್ ಫ್ಯಾರಡೆಯ ಚರಿತ್ರೆಯನ್ನು ನೋಡಬಹುದು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿತ ಹುಡುಗ, ಕ್ರಮಬದ್ಧ ಶಾಲಾ ಶಿಕ್ಷಣ ಅಷ್ಟಕ್ಕಷ್ಟೇ. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನಾಗಿ ಸೇರಿದ 1813ರಲ್ಲಿಯೇ ಅವನು ಇತರರ ಉಪನ್ಯಾಸಗಳನ್ನು ಗಮನಿಸಿ, ಸಭಾಂಗಣದ ಗಾಳಿ ಬೆಳಕಿನಿಂದ ಹಿಡಿದು ಉಪನ್ಯಾಸಕನ ನಿಲುವಿನವರೆಗೆ ತನ್ನ ಅಭಿಪ್ರಾಯಗಳನ್ನು ಗೆಳೆಯ ಅಬಟ್‌ಗೆ ಪತ್ರಗಳಲ್ಲಿ ಬರೆದ. ವಾಚನ ಕಲೆಯನ್ನು ಹಣ ಕೊಟ್ಟು ಕಲಿತ. ತಾನು ಅವಸರದಿಂದ ಮಾತನಾಡುವುದು ಗೊತ್ತಿದ್ದುದರಿಂದ ‘ನಿಧಾನ’ ಎಂದು ಬರೆದ ಚೀಟಿಯನ್ನು ಎದುರಿಗಿಡಲು ಏರ್ಪಾಡು ಮಾಡಿಕೊಂಡಿದ್ದ. ಅವಧಿ ಮುಗಿಯುತ್ತ ಬಂದಾಗ ‘ಸಮಯ’ ಎಂಬ ಚೀಟಿ. ಅವನು ಆರಂಭಿಸಿದ ಶುಕ್ರವಾರ ಸಂಜೆಯ ಉಪನ್ಯಾಸಮಾಲೆಯ ಸಂಪ್ರದಾಯದಲ್ಲಿ ಸ್ವಾಗತ, ಪರಿಚಯ ಯಾವುದೂ ಇಲ್ಲ. ಗಡಿಯಾರ ಹೊಡೆದೊಡನೆ ಉಪನ್ಯಾಸಕನು ನೇರವಾಗಿ ವಿಷಯಕ್ಕೆ ಬರುತ್ತಾನೆ, ಒಂದು ಗಂಟೆಗೆ ಮುಗಿಸುತ್ತಾನೆ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಪ್ರಾರ್ಥನೆ, ದೀಪ ಬೆಳಗುವುದು, ಹೂಗುಚ್ಛ, ಸ್ಮರಣಿಕೆ ಇವೆಲ್ಲ ಮುಗಿಯುವಷ್ಟರಲ್ಲಿ ಬೆಳಗಿನ ಗೋಷ್ಠಿ ಮುಕ್ಕಾಲು ಗಂಟೆ ಹಿಂದೆ ಬಿದ್ದಿರುತ್ತದೆ. ಮುಖ್ಯ ಅತಿಥಿಗಳ ಭಾಷಣವನ್ನು ಮೊಟಕುಗೊಳಿಸುವ ಧೈರ್ಯ ಯಾರಿಗೂ ಇಲ್ಲವಾದ್ದರಿಂದ ಆ ನಷ್ಟವನ್ನು ತುಂಬಿಕೊಡಬೇಕಾದವರು ಹದಿನೈದು ನಿಮಿಷದ ಪ್ರಬಂಧಕಾರರು. ಅಧ್ಯಕ್ಷರು ಎಂಟು ನಿಮಿಷದಲ್ಲಿ ಮುಗಿಸಿ ಎಂದು ಚೀಟಿ ಕಳುಹಿಸಿದಾಗ ಗಾಬರಿಯಾಗಿ, ಇದ್ದ ಸ್ಲೈಡುಗಳನ್ನೆಲ್ಲ ಇಮ್ಮಡಿ ವೇಗದಲ್ಲಿ ಓಡಿಸುವವರೇ ಹೆಚ್ಚು. ಮನೆಯಲ್ಲಿಯೇ ಎಂಟು ನಿಮಿಷದ ರೂಪವನ್ನೂ ಸಿದ್ಧಪಡಿಸಿಕೊಂಡು, ಯಾವ ನಾಲ್ಕು ಸ್ಲೈಡುಗಳನ್ನು ಬಿಡಬಹುದೆಂದು ಗುರುತು ಮಾಡಿಕೊಂಡಿದ್ದರೆ ಈ ಪಾಡು ತಪ್ಪುತ್ತದೆ.

ಅಭ್ಯಾಸವನ್ನು ಮನಸ್ಸಿನೊಳಗೆ ಮಾಡಿದರೆ ಸಾಲದು. ಎದ್ದು ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಮೂರು ನಾಲ್ಕು ಬಾರಿ ಮಾಡಬೇಕು. ಕಾರ್ಖಾನೆಯ ಮೇಲ್ವಿಚಾರಕರ ಮುಂದೆ ಒಮ್ಮೆ ಆಡಿ ತೋರಿಸುವುದು ತುಂಬ ಉಪಯುಕ್ತ. ಅಂಕಿಯಲ್ಲಿ ತಪ್ಪಿದ್ದರೆ ಅವರು ಮುಲಾಜಿಲ್ಲದೆ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮಂಡಿಸಬೇಕಾದ ಸಭೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಬರೆದುಕೊಂಡದ್ದನ್ನು ಓದಿಬಿಡುವುದೇ ಸುರಕ್ಷಿತವೆಂದು ತಿಳಿಯುತ್ತಾರೆ. ಓದುವ ಭಾಷಣವನ್ನು ಯಾರೂ ಕೇಳುವುದಿಲ್ಲ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಬಾಯಿಪಾಠವಾಗಿರಲಿ. ನಡುವಿನದನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ತಿಳಿದಂತೆ ಹೇಳಿದರೆ ಸಾಕು. ವ್ಯಾಕರಣದ ತಪ್ಪನ್ನು ಸಭೆ ಕ್ಷಮಿಸುತ್ತದೆ. ತಿರಸ್ಕೃತ ಮಾಲು ಕಡಿಮೆಯಾದದ್ದು ಹೇಗೆಂದು ತಿಳಿಯುವುದಕ್ಕಾಗಿ ಬಂದವರಿಗೆ ಉಚ್ಚಾರಣೆಯ ಚಿಂತೆ ಇರುವುದಿಲ್ಲ.

ಪ್ರಶ್ನೆಗಳ ಮೂರು ನಿಮಿಷ

ನಿಜವಾದ ಪರೀಕ್ಷೆ ಇಲ್ಲಿದೆ, ಬಾಯ್ತಪ್ಪುವುದೂ ಇಲ್ಲಿಯೇ. ಸ್ಲೈಡಿನಲ್ಲಿ ಎಚ್ಚರಿಕೆಯಿಂದ ಬಿಟ್ಟಿದ್ದ ಮಿಶ್ರಣದ ಪ್ರಮಾಣವನ್ನು, ಯಾರೋ ಹಿರಿಯರು ಮೆಚ್ಚುಗೆಯ ಧಾಟಿಯಲ್ಲಿ ಕೇಳಿದೊಡನೆ ಹುರುಪಿನಲ್ಲಿ ಹೇಳಿಬಿಡುವುದು ಮನುಷ್ಯಸಹಜ. ಆ ಹಿರಿಯರ ಪಕ್ಕದಲ್ಲಿ ಪ್ರತಿಸ್ಪರ್ಧಿಯ ಎಂಜಿನಿಯರು ಕುಳಿತಿರಬಹುದು. ಸಭೆಯನ್ನು ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರಲೂಬಹುದು. ಆದ್ದರಿಂದ ಹೇಳಲಾಗದ ಅಂಶಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು, ಅವುಗಳಿಗೆ ಒಂದೇ ಸೌಜನ್ಯದ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ‘ಆ ವಿವರವನ್ನು ಸದ್ಯಕ್ಕೆ ನೀಡಲಾಗದು, ಕ್ಷಮಿಸಿ’ ಎಂದರೆ ಯಾರೂ ಬೇಸರಿಸುವುದಿಲ್ಲ. ತಿಳಿಯದ ಪ್ರಶ್ನೆಗೆ ‘ಅದನ್ನು ನಾವು ಅಳೆದಿಲ್ಲ’ ಎನ್ನುವುದೂ ಗೌರವದ ಉತ್ತರವೇ. ಸುತ್ತುಬಳಸಿ ಮಾತನಾಡಿದವರನ್ನು ಬಲ್ಲವರು ಕ್ಷಣದಲ್ಲಿ ಗುರುತಿಸುತ್ತಾರೆ.

ಭಾಷಣ ಮುಗಿದ ಮೇಲೆ ಊಟದ ಹೊತ್ತಿನಲ್ಲಿ ಮಾಯವಾಗುವುದು ದೊಡ್ಡ ನಷ್ಟ. ಸಭೆಯಲ್ಲಿ ಕೇಳಲು ಸಂಕೋಚಪಟ್ಟವರು ತಟ್ಟೆ ಹಿಡಿದು ಹತ್ತಿರ ಬರುವುದು ಆಗಲೇ. ಪ್ರಬಂಧದ ಮುದ್ರಿತ ಪ್ರತಿಗಳು, ಪರಿಚಯ ಚೀಟಿಗಳು ಕೈಯಲ್ಲಿದ್ದರೆ ಅವರಿಗೆ ಕೊಡಬಹುದು; ಕೇಳಿದವರ ಹೆಸರು, ಅವರಿಗೆ ಬೇಕಾದ ಮಾಹಿತಿ ಏನೆಂಬುದನ್ನು ಅಲ್ಲಿಯೇ ಬರೆದುಕೊಂಡು ಒಂದು ವಾರದೊಳಗೆ ಉತ್ತರ ಕಳುಹಿಸಬೇಕು. ಸಂಘಟಕರು ನಡಾವಳಿ ಸಂಪುಟಕ್ಕಾಗಿ ಪೂರ್ಣ ಪ್ರಬಂಧ ಕೇಳಿದಾಗ ಹಕ್ಕುಸ್ವಾಮ್ಯ ವರ್ಗಾವಣೆಯ ಪತ್ರವೂ ಜೊತೆಗೆ ಬರುತ್ತದೆ. ಅದನ್ನು ಓದದೆ ಸಹಿ ಹಾಕತಕ್ಕದ್ದಲ್ಲ. ತನ್ನದೇ ನಕ್ಷೆಗಳನ್ನೂ ಚಿತ್ರಗಳನ್ನೂ ಮುಂದೆ ತನ್ನ ಕೈಪಿಡಿಯಲ್ಲಿ ಬಳಸಿಕೊಳ್ಳುವ ಹಕ್ಕು ಉಳಿದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ ಪಡೆಯಬೇಕು. ತಾತ್ಕಾಲಿಕ ಅರ್ಜಿ ಸಲ್ಲಿಸಿ ಬಂದವರು ಹನ್ನೆರಡನೆಯ ತಿಂಗಳ ಗಡುವನ್ನು ಅಂದೇ ಕಚೇರಿಯ ಪಂಚಾಂಗದಲ್ಲಿ ಕೆಂಪು ಮಸಿಯಲ್ಲಿ ಗುರುತು ಹಾಕಿಡಲಿ. ಆ ದಿನಾಂಕ ದಾಟಿದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ.